ನಾಲಿಗೆ ಎತ್ತಿಸುವ ಭಾವ

ಕುರುಗೋಡಿನಿಂದ ಸಿರುಗುಪ್ಪದವರೆಗಿನ ಜನರ ನಾಲಿಗೆಯ ಅಡಿಭಾಗವನ್ನು ನಮ್ಮ ಭಾವನಷ್ಟು ಬಲ್ಲವರು ಇನ್ನೊಬ್ಬರು ಹುಟ್ಟಿಲ್ಲ! ನಾವು ನೀವೆಲ್ಲ ಜನರನ್ನು ಮುಖ ನೋಡಿ ಗುರುತು ಹಿಡಿಯುತ್ತೇವೆ. ಅವರಿಗೆ ಮುಖ ಮರೆತುಹೋಗುತ್ತಿತ್ತು. ಎದುರಿಗಿದ್ದವನು ಬಾಯಿ ತೆರೆದು ನಾಲಿಗೆ ಎತ್ತಿದರೆ ಮಾತ್ರ, "ಓ, ನೀ ಕುಡತಿನಿ ಬಸಪ್ಪ ಅಲ್ಲೇನು?" ಎನ್ನುತ್ತಿದ್ದರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಿಲಿಟರಿಯಲ್ಲಿ ಗಾಯಾಳುಗಳ ಆರೈಕೆ ಮಾಡಿ, ಹಿಮದ ಗಡಿಯಿಂದ ಹತ್ತೂ ಬೆರಳು ಉಳಿಸಿಕೊಂಡು ಬಂದು, ಅರವತ್ತರ ದಶಕದಲ್ಲಿ ಕುರುಗೋಡಿನ ಕಡೆ ಕಾಂಪೌಂಡರ್ ಆಗಿ ಸೇರಿದ್ದರು. ಡಾಕ್ಟರು ಹತ್ತು ಹಳ್ಳಿ ಸುತ್ತಬೇಕಾಗಿದ್ದರಿಂದ ಸೂಜಿ, ಪಟ್ಟಿ, ಮಾತ್ರೆಗಳ ರಾಜ್ಯಭಾರವೆಲ್ಲ ಇವರದೇ.

ಅಕ್ಕನನ್ನು ನೋಡಲು ಬಳ್ಳಾರಿಯ ನಮ್ಮ ಮನೆಗೆ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟೆವು. ಅವರು ನೋಡಲು ಬಂದದ್ದು ಅಕ್ಕನನ್ನು, ನೋಡಿದ್ದು ನಮ್ಮಪ್ಪನ ನಾಲಿಗೆಯನ್ನು! "ಮಾವಾರ, ಸ್ವಲ್ಪ ಬಾಯಿ ತೆರೀರಿ... ಹೊಟ್ಯಾಗ ಉರಿ ಐತೇನ್ರಿ? ಇನ್ನ ಖಾರ ಬ್ಯಾಡ್ರಿ." ಅವರು ಹೋದ ಮೇಲೆ ಅವ್ವ, "ಹುಡುಗ ಹೆಂಗದಾನ್ರಿ?" ಎಂದು ಕೇಳಿದಳು. ಅಪ್ಪ ಮಿರ್ಚಿಯ ತಟ್ಟೆಯನ್ನು ದುಃಖದಿಂದ ದೂರ ತಳ್ಳಿ, "ಬೇಷ್ ಅದಾನ. ನನಗ ಮಾತ್ರ ಇನ್ನ ಇದು ಇಲ್ಲ" ಎಂದರು.

ದವಾಖಾನೆಯಲ್ಲಿ ರೋಗಿಗಳು ಎತ್ತರದ ಪ್ರಕಾರ ನಿಲ್ಲಬೇಕಿತ್ತು. ಗಿಡ್ಡರು ಮುಂದೆ, ಉದ್ದನೆಯವರು ಹಿಂದೆ. ಜ್ವರಕ್ಕೂ ಎತ್ತರಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗಿತ್ತು? ಒಬ್ಬ ಆರಡಿ ಗೌಡರು ನೇರವಾಗಿ ಮುಂದೆ ಬಂದರು.

"ಗೌಡ್ರ, ಹಿಂದ ನಿಲ್ರಿ."

"ನಾ ಯಾರು ಗೊತ್ತೈತೇನು?"

"ಗೊತ್ತೈತ್ರಿ. ಎಲ್ಲರಿಗಿಂತ ಉದ್ದ ಇದ್ದೋರು."

ಮರುದಿನ ಗೌಡರು ಬೆನ್ನು ಬಗ್ಗಿಸಿ ಗಿಡ್ಡರಾಗಿ ಬಂದರು. ಭಾವ ಗಂಭೀರವಾಗಿ ಬೆನ್ನಿಗೆ ಎಣ್ಣೆಯ ಬಾಟಲಿ ಕೊಟ್ಟು, ಮತ್ತೆ ಹಿಂದಕ್ಕೇ ಕಳಿಸಿದರು.

ನಾಲಿಗೆಯ ಕಾಟಕ್ಕೆ ಮಾತ್ರ ಕಾರಣವಿತ್ತು. ಕ್ಷಯದ ಮಾತ್ರೆಯನ್ನು ವರ್ಷಕ್ಕೂ ಮೇಲೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದರೆ ನಮ್ಮ ಜನಕ್ಕೆ ರೋಗವೇ ಹೋದ ಹಾಗೆ. ಮಾತ್ರೆಯನ್ನು ನಾಲಿಗೆಯ ಅಡಿ ಇಟ್ಟುಕೊಂಡು, ಕೈಮುಗಿದು ಹೊರಗೆ ಹೋಗಿ, ಅಂಗಳದ ಬೇವಿನ ಮರದ ಬುಡಕ್ಕೆ ಉಗಿಯುತ್ತಿದ್ದರು. ಒಂದು ದಿನ ಭಾವ ಆ ಬುಡದಲ್ಲಿ ಬೊಗಸೆ ತುಂಬ ಮಾತ್ರೆ ಆರಿಸಿದರು. "ಈ ಬೇವಿನ ಗಿಡಕ್ಕ ಜನ್ಮದಾಗ ಕ್ಷಯ ಬರಂಗಿಲ್ಲ" ಎಂದರು. ಅಂದಿನಿಂದ ಶುರುವಾಯಿತು ನೋಡಿ: "ನುಂಗು. ಬಾಯಿ ತೆರಿ. ನಾಲಿಗಿ ಎತ್ತು!"

ಮುಂದೆ ಸಿರುಗುಪ್ಪ ತಾಲ್ಲೂಕಿಗೆ ವರ್ಗವಾಗಿ ರಾರಾವಿಯಲ್ಲಿ ಮನೆ ಮಾಡಿದರು. ಅಲ್ಲಿ ಈರಮ್ಮ ಎಂಬ ಹುಡುಗಿ. ಕೆಮ್ಮಿನಲ್ಲಿ ರಕ್ತ ಬಿತ್ತೆಂದು ಅತ್ತೆ ಅವಳನ್ನು ತವರಿಗೆ ಅಟ್ಟಿದ್ದಳು. ಅವಳೂ ಎರಡು ತಿಂಗಳಿಗೆ ಮದ್ದು ಬಿಟ್ಟಳು. ಭಾವ ದಿನಾ ಬೆಳಿಗ್ಗೆ ಮಾತ್ರೆ ಹಿಡಿದು ಅವಳ ಬಾಗಿಲಿಗೇ ಹೋಗತೊಡಗಿದರು. ಯುಗಾದಿಯ ದಿನವೂ ಬಿಡಲಿಲ್ಲ.

"ಇವತ್ತು ಹಬ್ಬ ಐತ್ರಿ, ಗುಳಿಗಿ ಬ್ಯಾಡ್ರಿ."

"ನಿನ್ನ ರೋಗಕ್ಕ ಹಬ್ಬ ಗೊತ್ತಿಲ್ಲವ್ವ. ನುಂಗು."

"ನಮ್ಮತ್ತಿ ಸೈತ ಇಷ್ಟು ಕಾಡಿಲ್ಲ್ರಿ."

"ನಿಮ್ಮತ್ತಿ ನಿನ್ನ ಬಿಟ್ಟಾಳ. ನಾ ಬಿಡಂಗಿಲ್ಲ. ನಾಲಿಗಿ ಎತ್ತು."

ವರ್ಷ ಕಳೆಯುವಷ್ಟರಲ್ಲಿ ಈರಮ್ಮ ಮೈಕೈ ತುಂಬಿಕೊಂಡಳು. ಗಂಡ ಕರೆದೊಯ್ಯಲು ಬಂದ. ಭಾವ ಉಳಿದ ಮಾತ್ರೆಗಳನ್ನು ಅವನ ಕೈಗಿಟ್ಟು, "ದಿನಾ ನಾಲಿಗಿ ಎತ್ತಿಸಿ ನೋಡಬೇಕು. ತಪ್ಪಿದಿ ಅಂದ್ರ ನಿನ್ನ ನಾಲಿಗಿ ನೋಡಾಕ ನಾನ ಬರ್ತೀನಿ" ಎಂದರು. ಪಾಪ, ಹೆಂಡತಿಯನ್ನು ಕರೆದೊಯ್ಯಲು ಬಂದವನು ನೌಕರಿ ಹಿಡಿದುಕೊಂಡು ಹೋದ.

ಇಂಥ ಭಾವ ನಿವೃತ್ತರಾಗಿ, ಎಂಬತ್ತರ ದಶಕದಲ್ಲಿ ಬಳ್ಳಾರಿಗೆ, ಸತ್ಯನಾರಾಯಣಪೇಟೆಯ ನಮ್ಮ ಓಣಿಗೇ ಬಂದರು. ರಕ್ತದೊತ್ತಡ ಏರಿ, ಒಂದು ಸಲ ಎಡಗೈ ಸ್ವಾಧೀನ ತಪ್ಪಿ ಸರಿಹೋಯಿತು. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ, ಮಾತ್ರೆ ಒಂದು ದಿನವೂ ತಪ್ಪಬಾರದು ಎಂದರು ಡಾಕ್ಟರು. ಭಾವ ಅಕ್ಕನೆದುರು ಮಾತ್ರೆ ಬಾಯಿಗೆ ಹಾಕಿಕೊಂಡು ಶಿಸ್ತಾಗಿ ನೀರು ಕುಡಿಯುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ಅಳುತ್ತ ಬಂದು ಮುಷ್ಟಿ ಬಿಚ್ಚಿದಳು. ತುಳಸಿಯ ಬುಡದಲ್ಲಿ ಸಿಕ್ಕ ಮಾತ್ರೆಗಳು! ನಾನು ಹೋಗಿ ಜಗಳವಾಡಿದೆ.

"ಲೇ, ನಾ ಗುಳಿಗಿ ಕೊಡೋ ಮನುಷ್ಯಾ. ತಗೊಳ್ಳೋ ಮನುಷ್ಯಾ ಅಲ್ಲ" ಎಂದರು.

ನನ್ನ ಮಾತು, ಅಕ್ಕನ ಕಣ್ಣೀರು ಯಾವುದೂ ನಾಟಲಿಲ್ಲ. ನಾನು ಯಾರಿಗೂ ಹೇಳದೆ ಈರಮ್ಮನಿಗೆ ಒಂದು ಕಾರ್ಡು ಬರೆದೆ.

ನಾಲ್ಕನೆಯ ದಿನ ಬೆಳಗಿನ ಬಸ್ಸಿಗೆ ಅವಳು ಬಂದಳು. ತಲೆಯಲ್ಲಿ ನಾಲ್ಕು ಬಿಳಿ ಕೂದಲು, ಕೈಯಲ್ಲಿ ಅಕ್ಕಿಯ ಗಂಟು. ಭಾವ ಎಂದಿನಂತೆ ಮುಖ ಗುರುತು ಹಿಡಿಯಲಿಲ್ಲ. "ಯಾರವ್ವ ನೀ? ಬಾಯಿ ತೆರಿ" ಎಂದರು.

"ನಂದು ಆಮ್ಯಾಲ ನೋಡೀರಂತ, ಡಾಕ್ಟ್ರ. ಮೊದ್ಲ ನೀವು ತೆರೀರಿ."

ದನಿಯಿಂದ ಗುರುತು ಸಿಕ್ಕಿತು. ಭಾವ ಮೆತ್ತಗಾದರು. ಅವಳು ಅಕ್ಕನ ಕೈಯಿಂದ ಮಾತ್ರೆ ತೆಗೆದುಕೊಂಡು ಅವರ ಬಾಯಿಗೆ ಹಾಕಿದಳು, ನೀರು ಕುಡಿಸಿದಳು.

"ನಾಲಿಗಿ ಎತ್ರಿ."

ನಲವತ್ತು ಹಳ್ಳಿಗಳ ನಾಲಿಗೆ ಎತ್ತಿಸಿದ ಮನುಷ್ಯ ಗೋಡೆ ನೋಡಿದರು, ನನ್ನನ್ನು ನೋಡಿದರು, ಕೊನೆಗೆ ನಿಧಾನವಾಗಿ ನಾಲಿಗೆ ಎತ್ತಿದರು. ಮಾತ್ರೆ ಅಲ್ಲೇ ಇತ್ತು.

ಈರಮ್ಮ ಬೈಯಲಿಲ್ಲ. ಮತ್ತೊಂದು ಲೋಟ ನೀರು ತುಂಬಿದಳು. "ಅವತ್ತು ನೀವು ಬಿಡ್ಲಿಲ್ಲ. ಇವತ್ತು ನಾ ಬಿಡಂಗಿಲ್ಲ" ಎಂದಳು. ಭಾವ ನುಂಗಿದರು. ಕಣ್ಣು ತುಂಬಿತ್ತು. ನಾನೂ ಅಲ್ಲಿ ನಿಲ್ಲಲಾಗದೆ ಅಂಗಳಕ್ಕೆ ಹೋದೆ.

ಮಧ್ಯಾಹ್ನದ ಬಸ್ಸಿಗೆ ಹೋಗಬೇಕಾದವಳು ಹದಿನೈದು ದಿನ ಉಳಿದು, ಅಕ್ಕನಿಗೆ ನಾಲಿಗೆ ಎತ್ತಿಸುವ ಕೆಲಸ ಕಲಿಸಿ ಹೋದಳು. ಆಮೇಲೆ ಭಾವ ಆರು ವರ್ಷ ಬದುಕಿದರು, ಗೊಣಗುತ್ತಲೇ ದಿನಾ ನಾಲಿಗೆ ಎತ್ತಿದರು. ತೀರಿಹೋದ ದಿನವೂ ಬೆಳಿಗ್ಗೆ ಅಕ್ಕ ಕೇಳುವ ಮೊದಲೇ ಬಾಯಿ ತೆರೆದು ತೋರಿಸಿದ್ದರಂತೆ. ಈಗಲೂ ಅವರ ಮಾತು ಬಂದರೆ ಅಕ್ಕ ಇದನ್ನೇ ಹೇಳುತ್ತಾಳೆ: "ನಾ ನೋಡೀನಿ ತಮ್ಮಾ. ನಾಲಿಗಿ ಕೆಳಗ ಏನೂ ಇರಲಿಲ್ಲ. ನುಂಗಿದ್ರು."