ನಾಲ್ಕು ಮೂರು ಸೇರಿ ಐದು

ಲೆಕ್ಕ ಕಲಿಸುವವನು ಲೆಕ್ಕವನ್ನು ಶಾಲೆಯಲ್ಲೇ ಬಿಟ್ಟು ಮನೆಗೆ ಬರಬೇಕು. ಈ ಬುದ್ಧಿ ನನಗೆ ತಡವಾಗಿ ಬಂತು. ಚಳ್ಳಕೆರೆಯ ಶಾಲೆಯಲ್ಲಿ ಮೇಷ್ಟರಾದ ನಾನು, ಬೆಂಗಳೂರಿಗೆ ವಿದ್ಯುತ್ ದೀಪ ಬಂದಿದೆಯೆಂದು ಕೇಳಿ ಅದರ ಬಗ್ಗೆ ಒಂದು ಪುಸ್ತಕ ತರಿಸಿದೆ. ಗ್ರಹಚಾರ ಶುರುವಾದದ್ದೇ ಅಲ್ಲಿಂದ. ತಂತಿಯೊಳಗಿನ ವಿದ್ಯುತ್ತು ಮುಂದೆ ಹೋದಷ್ಟೇ ಹಿಂದಕ್ಕೂ ಬರುತ್ತದಂತೆ. ಸರಾಸರಿ ತೆಗೆದರೆ ಸೊನ್ನೆ, ಆದರೂ ದೀಪ ಉರಿಯುತ್ತದೆ. ಹಾಗಾಗಿ ಗಳಿಗೆಗಳಿಗೆಯ ಬೆಲೆಯನ್ನೂ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡುಹಿಡಿಯಬೇಕು; ಅದೇ ಅದರ ನಿಜವಾದ ಬಲ. ಓದುತ್ತಲೇ ನನಗೆ ನಮ್ಮ ಮನೆ ನೆನಪಾಯಿತು. ಬೆಳಿಗ್ಗೆ ಅಕ್ಕರೆ, ಸಂಜೆ ಸಿಟ್ಟು. ಸರಾಸರಿ ಸೊನ್ನೆಯಾದರೂ ಸುಡುವುದು ಸುಡುತ್ತದೆ.

ಪುಸ್ತಕದಲ್ಲಿ ಇನ್ನೊಂದು ಸೊಗಸಿತ್ತು. ಹೀಗೆ ಹೋಗಿಬರುವ ವಿದ್ಯುತ್ತಿನ ನಾಲ್ಕರ ಬಲದ ಅಲೆ, ಮೂರರ ಬಲದ ಅಲೆ ಒಂದೇ ತಂತಿಯಲ್ಲಿ ಸೇರಿದರೆ ಏಳಾಗುವುದಿಲ್ಲ. ಹದಿನಾರಕ್ಕೆ ಒಂಬತ್ತು ಕೂಡಿಸಿ ವರ್ಗಮೂಲ ತೆಗೆದರೆ ಐದೇ. ಅವ್ವನ ಸಿಟ್ಟು ನಾಲ್ಕು, ಹೆಂಡತಿ ನಾಗಮ್ಮನದು ಮೂರು ಎಂದು ನಾನೇ ಅಳೆದುಕೊಂಡೆ. ಒಬ್ಬೊಬ್ಬರಿಂದ ಬೇರೆಬೇರೆ ಬೈಸಿಕೊಳ್ಳುವ ಬದಲು ಒಟ್ಟಿಗೆ ಬೈಸಿಕೊಂಡರೆ ಎರಡು ಉಳಿತಾಯ. ಆ ಹೊತ್ತಿಗೆ ಉಳಿತಾಯದ ಅಗತ್ಯವೂ ಬಿದ್ದಿತ್ತು. ನಮಗಿದ್ದ ಒಂದೇ ಗಾಡಿಯನ್ನು ಒಂದೇ ದಿನಕ್ಕೆ ಇಬ್ಬರಿಗೂ ಕೊಡಲು ಒಪ್ಪಿಕೊಂಡುಬಿಟ್ಟಿದ್ದೆ. ಅವ್ವ ಪರಶುರಾಂಪುರದ ತಂಗಿಯ ಮನೆಗೆ ಹೊರಟಿದ್ದಳು. ನಾಗಮ್ಮನ ತವರು ಮೊಳಕಾಲ್ಮುರಿನ ನೇಕಾರರ ಮನೆ. ಅವಳ ತಂಗಿಯ ಧಾರೆ ಸೀರೆ ಆ ದಿನ ಮಗ್ಗದಿಂದ ಇಳಿಯುವುದಿತ್ತು. ತಿಂಗಳಿಂದ ಅವಳು ದಿನ ಎಣಿಸುತ್ತಿದ್ದಳು.

ಇಬ್ಬರೂ ಅಡಿಗೆಮನೆಯಲ್ಲಿದ್ದಾಗ ಧೈರ್ಯವಾಗಿ ವಿಷಯ ಹೇಳಿದೆ.

"ಒಂದು ಗಾಡೀನ ಎರಡು ಊರಿಗೆ ಕಟ್ಟಿದೀಯಲ್ಲೋ," ಎಂದಳು ಅವ್ವ. "ಇದನ್ನೇ ಏನ್ಲಾ ಹುಡುಗ್ರಿಗೂ ಕಲಿಸೋದು?"

"ನಾನೂ ಅದನ್ನೇ ಕೇಳ್ತೀನಿ ಅತ್ತೆ," ಎಂದಳು ನಾಗಮ್ಮ.

ಮದುವೆಯಾಗಿ ಆರು ವರ್ಷದಲ್ಲಿ ಅವಳು ಅತ್ತೆಯ ಮಾತಿಗೆ ಹೂಂಗುಟ್ಟಿದ್ದು ಅದೇ ಮೊದಲು. ಆಮೇಲೆ ಇಬ್ಬರೂ ಸೇರಿ ನನಗೆ ಮಾಡಿದ ಮಂಗಳಾರತಿ ಐದರದಂತೂ ಅಲ್ಲ. ಹೊರಗೆ ಓಡಿಬಂದು ಪುಸ್ತಕ ತೆರೆದರೆ, ಪುಟದ ತಳದಲ್ಲಿ ಸಣ್ಣಕ್ಷರದಲ್ಲಿತ್ತು: ಅಲೆಗಳು ತಮ್ಮ ತಮ್ಮ ಪಾಡಿಗೆ ಬಡಿದರೆ ಮಾತ್ರ ಈ ಲೆಕ್ಕ, ಹೆಜ್ಜೆ ಕೂಡಿದರೆ ನೇರವಾಗಿ ಕೂಡಿಸಬೇಕು. ಪೂರಾ ಏಳು.

ಅಷ್ಟರಲ್ಲಿ ಅವ್ವ ಚೀಲ ಹಿಡಿದು ಹೊರಗೆ ಬಂದಳು. "ನನ್ ತಂಗಿ ಮನೆ ಎಲ್ಲಿಗೂ ಓಡೋಗಲ್ಲ. ಧಾರೆ ಸೀರೆ ನಾನೂ ನೋಡ್ತೀನಿ, ನಡಿಯವ್ವ."

ಖುಷಿಯಾದರೆ ತವರಿನ ತೆಲುಗಿಗೆ ಇಳಿಯುವ ನಾಗಮ್ಮ "ಪದಂಡಿ ಅತ್ತಾ" ಎಂದು ಕೈಹಿಡಿದು ಗಾಡಿ ಹತ್ತಿಸಿದಳು. ಗಾಡಿ ಮರೆಯಾಗುವವರೆಗೂ ಇಬ್ಬರ ನಗು ಕೇಳಿಸಿತು. ನನಗೂ ಮನಸ್ಸು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ಒಳಗೆ ಬಂದು ಒಲೆ ಹಚ್ಚುವಾಗ ಹೊಳೆಯಿತು. ಇಷ್ಟು ವರ್ಷ ನಾನು ಸುಖವಾಗಿದ್ದದ್ದು ನನ್ನ ಜಾಣತನದಿಂದಲ್ಲ. ಒಬ್ಬರು ಬೈದಾಗ ಇನ್ನೊಬ್ಬರು ಹಟಕ್ಕೆ ಬಿದ್ದು ನನ್ನನ್ನು ವಹಿಸಿಕೊಳ್ಳುತ್ತಿದ್ದರು. ಇನ್ನು ಆ ಸೌಕರ್ಯವಿಲ್ಲ. ಅತ್ತೆ ಸೊಸೆ ಹೊಂದಿಕೊಳ್ಳಲೆಂದು ಪ್ರತಿ ಸೋಮವಾರ ದೇವರಿಗೆ ಕಾಯಿ ಒಡೆಸುತ್ತಿದ್ದವನೂ ನಾನೇ.