ಮೈಕ್ ಸೆಟ್ ಮಾರಲಿಕ್ಕಿದೆ, ಟೋಪಿ ತರಬೇಡಿ

ಹಳೇ ಮೈಕ್ ಸೆಟ್ ಮಾರುತ್ತೇವೆ ಎಂದು ಫೋನಿನಲ್ಲಿ ಒಂದು ಫೋಟೋ ಹಾಕಿ ನೋಡಿ. ಆಮೇಲೆ ಮನೆಗೆ ಬೇರೆ ಮನರಂಜನೆ ಬೇಕಾಗುವುದಿಲ್ಲ.

ಮಹಾಲಿಂಗಪುರದ ಪೇಟೆಯಲ್ಲಿ ನಮ್ಮದು ಮೈಕ್ ಬಾಡಿಗೆ ಅಂಗಡಿ. ಮದುವೆ, ಸಭೆ, ಭಜನೆ, ಎಲ್ಲ ಕಡೆ ನಮ್ಮ ಹಾರ್ನೇ ಕೂಗುತ್ತಿತ್ತು. ಡಿಜೆ ಡಬ್ಬಿಗಳು ಬಂದ ಮೇಲೆ ಆಂಪ್ಲಿಫೈಯರು, ಹಾರ್ನುಗಳು ಮೂಲೆ ಸೇರಿದವು. ಗುಜರಿಗೆ ತೂಕಕ್ಕೆ ಹಾಕೋಣ ಎಂದರು ನಮ್ಮ ಯಜಮಾನರು. ನನಗೆ ಸಿಟ್ಟು ಬಂತು. ಊರಿಗೆಲ್ಲ ದನಿ ಕೊಟ್ಟದ್ದನ್ನು ತಕ್ಕಡಿಗೆ ಹಾಕುವುದೇ? ಬಳಸುವವರಿಗೇ ಮಾರುತ್ತೇನೆ ಎಂದೆ.

"ಫೋನಿನ್ಯಾಗ ಮಾರಾಕ ಹೋದ್ರ ನಿನಗ ಯಾರರ ಟೋಪಿ ಹಾಕ್ತಾರ ನೋಡು."

"ನನ್ನ ತಲಿ ಅಳತಿ ಟೋಪಿ ಇನ್ನೂ ಯಾರೂ ಹೊಲದಿಲ್ರಿ."

"ಒಮ್ಮಿ ಮೋಸ ಹೋದಿ ಅಂದ್ರ ಎಲ್ಲಾ ಗುಜರಿಗೇ, ಮತ್ತ!"

"ಆತು" ಎಂದೆ. ಮಗಳಿಂದ ಫೋಟೋ ಹಾಕಿಸಿ, ಕೆಳಗೆ ನನ್ನ ಕಾನೂನನ್ನೂ ಬರೆಸಿದೆ: ಹಗಲು ಹೊತ್ತು ಅಂಗಡಿಗೆ ಬರಬೇಕು, ಕೇಳಿ ನೋಡಬೇಕು, ರೊಕ್ಕ ಕೊಟ್ಟು ಒಯ್ಯಬೇಕು.

೧. ಗಂಡಸರಿಗೆ ಕೊಡ್ರಿ

ಮೊದಲ ಫೋನು ಬೀಳಗಿಯಿಂದ. ನನ್ನ ದನಿ ಕೇಳಿದ್ದೇ, "ಮನ್ಯಾಗ ಗಂಡಸರಿದ್ರ ಕೊಡ್ರಿ, ಮಷಿನಿನ ಮಾತೈತಿ" ಎಂದ. ಮೈಯೆಲ್ಲ ಉರಿಯಿತು. ಆದರೂ ಕೊಟ್ಟೆ.

"ಎಷ್ಟು ವ್ಯಾಟಿಂದ್ರಿ?"

ಯಜಮಾನರು ನನ್ನ ಮುಖ ನೋಡಿದರು. ನಾನು ಹೇಳಿದೆ, ಅವರು ಒಪ್ಪಿಸಿದರು.

"ಹಾರ್ನಿನ ಯೂನಿಟ್ ಯಾವಾಗ ಬದಲಿ ಮಾಡೀರಿ?"

ಮತ್ತೆ ನನ್ನ ಮುಖ. ಈ ಸಲ ನಾನು ಬೇಕೆಂದೇ ಗೋಡೆ ನೋಡುತ್ತ ಕುಳಿತೆ.

"ಇರ್ರಿ," ಎಂದರು ಯಜಮಾನರು ಫೋನಿನಲ್ಲಿ, "ಮನ್ಯಾಗ ಹೆಣ್ಣಮಕ್ಕಳಿಗೆ ಕೊಡ್ತೇನಿ."

೨. ಫೋಟೋಕ್ಕೆ ಫೋಟೋ

ಬನಹಟ್ಟಿಯಿಂದ ಒಬ್ಬ ಬೈಕಿನ ಮೇಲೆ ಬಂದ. ಚೌಕಾಸಿ ಮಾಡಲಿಲ್ಲ, ಅಲ್ಲೇ ನನಗೆ ಅನುಮಾನ ಬಂತು. ಫೋನು ಒತ್ತಿದ, ನನ್ನ ಮೂಗಿನ ಮುಂದೆ ಹಿಡಿದ.

"ರೊಕ್ಕ ಹಾಕೇನ್ರಿ ಅಕ್ಕಾರ, ನೋಡ್ರಿ, ಹಸಿರು ಟಿಕ್ ಬಂದೈತಿ."

ನನ್ನ ಖಾತೆಗೆ ಏನೂ ಬಂದಿರಲಿಲ್ಲ.

"ನೆಟ್‌ವರ್ಕ್ ಇಲ್ರಿ, ಆಮ್ಯಾಲ ಬರ್ತೈತಿ. ಸಾಮಾನ ಕಟ್ಟಿಕೊಡ್ರಿ."

"ನಂಬರ್ ಹೇಳು ತಮ್ಮಾ" ಎಂದೆ. ಆಂಪ್ಲಿಫೈಯರಿನ ಫೋಟೋ ತೆಗೆದು ಅವನ ಫೋನಿಗೆ ಕಳಿಸಿದೆ. "ತಗೋ, ಸಾಮಾನ ಕಳಿಸೇನಿ. ನೆಟ್‌ವರ್ಕ್ ಬಂದ ಮ್ಯಾಲ ಖರೆ ಸಾಮಾನ ಬರ್ತೈತಿ."

ಬೈಕು ಬಂದದ್ದಕ್ಕಿಂತ ಜೋರಾಗಿ ಹೋಯಿತು.

೩. ಪೇಟೆಗೆಲ್ಲ ಕೇಳಿಸಿದ್ದು

ಕೊನೆಗೆ ರನ್ನ ಬೆಳಗಲಿಯಿಂದ ಒಬ್ಬ ಅಜ್ಜ ಬಂದರು. ಬೀರೇಶ್ವರನ ಗುಡಿಯಲ್ಲಿ ಡೊಳ್ಳಿನ ಹಾಡು ಹೇಳುವ ಮೇಳದ ಹಿರಿಯರು. ಅವರ ಪರೀಕ್ಷೆಯೇ ಬೇರೆ.

"ನಾ ಬಸ್ ಸ್ಟ್ಯಾಂಡಿನ್ಯಾಗ ನಿಂದರ್ತೇನಿ ತಂಗಿ. ಅಲ್ಲಿ ತನಕ ಮಾತು ಒಡೀದಂಗ ಕೇಳಿದ್ರ ತಗೋತೇನಿ."

ಅಜ್ಜ ಆ ಕಡೆ ನಡೆದರು. ನಾನು ಹಾರ್ನುಗಳನ್ನು ಮಾಳಿಗೆ ಮೇಲೆ ಇಡಿಸಿ, ಹಾಡು ಹಚ್ಚಲೆಂದು ಆಂಪ್ಲಿಫೈಯರಿನ ವೈರನ್ನು ನನ್ನ ಫೋನಿಗೆ ಸಿಕ್ಕಿಸಿದೆ. ಅಷ್ಟರಲ್ಲಿ ಫೋನು ಬಂತು. ಎತ್ತಿದೆ. ಆ ಕಡೆಯವನ ಮಾತು ಮಾಳಿಗೆ ಮೇಲಿನ ಹಾರ್ನಿನಿಂದ ಹೊರಟಿತು.

"ಮೇಡಂ, ನಾನು ದೊಡ್ಡ ಅಧಿಕಾರಿ! ನಿಮ್ಮ ಸೆಟ್ ನೋಡೋದೇ ಬೇಡ, ತಗೊಂಡೆ! ಒಂದು ಕೋಡ್ ಕಳಿಸಿದೀನಿ. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ!"

ಕೊಡುವ ರೊಕ್ಕಕ್ಕೆ ಪಿನ್ ಬೇಕು, ಬರುವ ರೊಕ್ಕಕ್ಕೆ ಯಾಕೆ? ಅಷ್ಟು ನನಗೆ ಗೊತ್ತಿತ್ತು. ವೈರು ಕೀಳಲು ಹೋದ ಯಜಮಾನರ ಕೈ ಹಿಡಿದು, "ಕೇಳಲಿಲ್ರಿ ಸಾಹೇಬ್ರ, ಜೋರಾಗಿ ಹೇಳ್ರಿ" ಎಂದೆ.

ಜೋರಾಗಿಯೇ ಹೇಳಿದ. ಬೆಲ್ಲದ ಪೆಂಟೆ ಹೊರುವವರು ನಿಂತರು. ಕಾಯಿಪಲ್ಲೆಯವಳು ತಕ್ಕಡಿ ಬಿಟ್ಟು ಓಡಿ ಬಂದಳು.

"ಯವ್ವಾ, ಪಿನ್ ಒತ್ತಬ್ಯಾಡಾ!"

"ಒತ್ತಬ್ಯಾಡ್ರಿ!" ಎಂದಿತು ಇಡೀ ಪೇಟೆ.

"ಏನು ಗದ್ದಲ ಅದು? ನಿಮಗೆ ತಿಳಿಯಲ್ಲ, ಮನೇಲಿ ಗಂಡಸರಿಗೆ ಕೊಡಿ!"

"ಪ್ಯಾಟಿ ಗಂಡಸರೆಲ್ಲಾ ಕೇಳಾಕತ್ತಾರ, ಮಾತಾಡ್ರಿ" ಎಂದೆ.

ಹಾರ್ನಿನಲ್ಲಿ ಫೋನಿಟ್ಟ ಸದ್ದು ಮಾತ್ರ ಬಂತು.

ಯಜಮಾನರು ಗುಜರಿಯ ಸುದ್ದಿ ಎತ್ತದೆ ಹಾರ್ನು ಇಳಿಸತೊಡಗಿದರು. ಅಷ್ಟರಲ್ಲಿ ಅಜ್ಜ ಏದುಸಿರು ಬಿಡುತ್ತ ಬಂದು, ಅಂಗಿ ಕಿಸೆಯಿಂದ ರೊಕ್ಕ ತೆಗೆದು ನನ್ನ ಕೈಯಲ್ಲಿಟ್ಟರು.

"ಛಲೋ ಐತಿ ತಂಗಿ, ಒಯ್ತೇನಿ. ಕಳ್ಳನ ಮಾತ ಇಷ್ಟು ಸ್ವಚ್ಛ ಕೇಳಿಸ್ತು ಅಂದ್ರ, ದೇವರ ಹಾಡು ಇನ್ನೆಷ್ಟು ಕೇಳಿಸೀತು!"