ಸೀಲ್ ಒಡೆಯದ ಡಬ್ಬಿ

ಆಯುಧಪೂಜೆಯ ದಿನ ಬೆಳಿಗ್ಗೆ ಬಾಲರಾಜು ಬಾಯಿ ಮುಚ್ಚಿಕೊಂಡು ಫ್ಯಾಕ್ಟರಿಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಗ್ರಹಚಾರ ನೋಡಿ, ಹೊಸಿಲು ದಾಟಿದವನು ತಿರುಗಿ ನಿಂತು ತಾಯಿ ಚಿಕ್ಕಲಕ್ಷ್ಮಮ್ಮನಿಗೆ ಒಂದು ಮಾತು ಹೇಳಿದ.

“ಅವ್ವ, ನಾನು ಬರೋದ್ರೊಳಗೆ ಮನೇಲಿರೋ ನನ್ ಸಾಮಾನ್ಗೆಲ್ಲಾ ಪೂಜೆ ಮಾಡ್ಬುಡು.”

ಅವನ ಮನಸ್ಸಿನಲ್ಲಿದ್ದದ್ದು ಸ್ಕೂಟರು, ಸ್ಪ್ಯಾನರು, ಹೆಚ್ಚೆಂದರೆ ಮಿಕ್ಸಿ. ಬೀರುವಿನೊಳಗಿನ ಡಬ್ಬಿಗಳು ಅವನ ನೆನಪಿಗೇ ಬಂದಿರಲಿಲ್ಲ.

ಡಬ್ಬಿಗಳ ವಿಷಯ ಹೇಳಬೇಕು. ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಡಿಸ್ಕಿಗೆ ಇಳಿಸಿ, ತಗಡಿನ ಡಬ್ಬಿಯಲ್ಲಿಟ್ಟು, ಜೊತೆಗೆ ಶೂಟಿಂಗಿನ ಫೋಟೋಗಳನ್ನೂ ಹಾಕಿ, ‘ಇಷ್ಟೇ ಡಬ್ಬಿ, ಮತ್ತೆ ಮಾಡುವುದಿಲ್ಲ’ ಎಂದು ನಂಬರು ಹೊಡೆದು ಮಾರುವ ಕಂಪನಿಯೊಂದು ಆಗ ಬೆಂಗಳೂರಿನಲ್ಲಿತ್ತು. ಬಾಲರಾಜು ಅವುಗಳನ್ನು ಕೂಡಿಸುತ್ತಿದ್ದ. ಆದರೆ ಮೇಲಿನ ಪ್ಲಾಸ್ಟಿಕ್ ಸೀಲನ್ನು ಒಮ್ಮೆಯೂ ಒಡೆದವನಲ್ಲ. ಸೀಲ್ ಹೋದರೆ ಡಬ್ಬಿಯ ಮರ್ಯಾದೆ ಹೋಯಿತು ಎಂಬುದು ಕೂಡಿಸುವವರ ಶಾಸ್ತ್ರ. ದಿನಾ ಸಂಜೆ ಹೊರಗೆ ತೆಗೆಯುವುದು, ಮೆತ್ತನೆ ಬಟ್ಟೆಯಲ್ಲಿ ಒರೆಸುವುದು, ಒಳಗಿಡುವುದು. “ಅದ್ಯಾವ ಸುಖಕ್ಕೆ ತಂದ್ರಿ?” ಎಂದು ಹೆಂಡತಿ ಭಾನುಪ್ರಿಯ ಕೇಳಿ ಕೇಳಿ ಸುಸ್ತಾಗಿದ್ದಳು.

ಒಂದೇ ಒಂದು ಡಬ್ಬಿಯನ್ನು ಮಾತ್ರ ಒಡೆದು ನೋಡಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು. ಆದರೆ ಆ ಡಬ್ಬಿ ಅವನ ಬಳಿ ಇರಲಿಲ್ಲ. ಅವನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಕೃಷ್ಣಪ್ಪ ಹಾವು ಕಚ್ಚಿ ತೀರಿಕೊಂಡಿದ್ದ. ಮನೆಯಲ್ಲಿ ಅಪ್ಪನದೊಂದು ಫೋಟೋ ಇಲ್ಲ. “ಅಪ್ಪ ನೋಡಕ್ಕೆ ಹೆಂಗಿದ್ರವ್ವ?” ಅಂದರೆ, “ನಿನ್ನಂಗಲ್ಲ ಬುಡು, ಲಕ್ಷಣವಾಗಿದ್ರು” ಅನ್ನುವಳು. ಕಬ್ಬಾಳು ಬೆಟ್ಟದ ಕೆಳಗೆ ಶೂಟಿಂಗ್ ನಡೆದಾಗ ಕುದುರೆ ಹಿಡಿದು ನಿಂತಿದ್ದರು ಎಂದೂ ಹೇಳುವಳು. ಯಾವ ಚಿತ್ರ ಎಂದು ಅವಳಿಗೂ ಗೊತ್ತಿಲ್ಲ. ಬೆಟ್ಟ, ಕುದುರೆ ಎಂದ ಮೇಲೆ ಡಕಾಯಿತರ ಚಿತ್ರವೇ ಇರಬೇಕೆಂದು ಬಾಲರಾಜು ತೀರ್ಮಾನಿಸಿದ್ದ.

ಆ ಡಕಾಯಿತರ ಡಬ್ಬಿ ಇದ್ದದ್ದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ಮುಬಶ್ಶಿರ್ ಸಾಹೇಬರ ಹತ್ತಿರ. ಅವರಿಗೋ ಬಾಲರಾಜುವಿನ ರಾಜ-ರಾಣಿ ಚಿತ್ರದ ಡಬ್ಬಿಯ ಮೇಲೆ ಕಣ್ಣು. ಅದಲು ಬದಲು ಮಾಡಿಕೊಳ್ಳಲು ಸಾಹೇಬರು ಅವತ್ತು ಸಂಜೆಯೇ ಕನಕಪುರಕ್ಕೆ ಬರುವವರಿದ್ದರು. ಷರತ್ತು ಒಂದೇ, ಸೀಲ್ ಒಡೆದಿರಬಾರದು.

ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಪೂಜೆ ಮುಗಿಸಿ, ಪುರಿ, ಸಿಹಿ ಹಿಡಿದು ಮಧ್ಯಾಹ್ನ ಮನೆಗೆ ಬಂದ ಬಾಲರಾಜು ನಡುಮನೆಯಲ್ಲಿ ಕಂಬದಂತೆ ನಿಂತುಬಿಟ್ಟ.

ಸ್ಕೂಟರಿಗೆ ಒಂದೇ ಒಂದು ಹಾರ. ಉಳಿದ ವೈಭವವೆಲ್ಲ ಡಿಸ್ಕುಗಳಿಗೆ! ಬಾಳೆಲೆಯ ಮೇಲೆ ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ, ನಡುವಿನ ತೂತಿಗೆ ಒಂದೊಂದು ಚೆಂಡುಹೂವು.

“ಹುಣಸೇಹಣ್ಣಾಕಿ ತಿಕ್ಕಿದೀನಿ ಕಣ್ ಮಗ,” ಚಿಕ್ಕಲಕ್ಷ್ಮಮ್ಮ ಸಂಭ್ರಮದಿಂದ ಹೇಳಿದಳು. “ದೀಪದ ಕಂಬ ಬೆಳಗ್ದಂಗೆ ಬೆಳಗ್ಬುಟ್ಟೆ. ಆಮ್ಯಾಕೆ ಇಲ್ನೋಡು, ಈ ಡಬ್ಬೀಲಿ…”

“ಅಯ್ಯೋ, ಮನೆ ಹಾಳಾಯ್ತಲ್ಲವ್ವ!”

“ಅಲ್ಲ ಕಣಪ್ಪ, ಒಸಿ ಕೇಳು, ಈ ಡಬ್ಬೀಲಿ…”

“ಒಂದ್ ಮಾತೂ ಆಡ್ಬೇಡ, ಸುಮ್ಕಿರು!”

ಹಬ್ಬದ ದಿನ ಮಗ ಹೀಗೆ ಗದರಿದರೆ ಯಾವ ತಾಯಿಗೆ ಬೇಸರವಾಗುವುದಿಲ್ಲ? “ನಂಗ್ಯಾಕೆ ಬುಡು” ಎಂದು ಸೆರಗು ಕೊಡವಿ ವಡೆ ಬೇಯಿಸಲು ಒಳಗೆ ಹೋದಳು.

ಬಾಲರಾಜು ರಾಜ-ರಾಣಿಯ ಡಿಸ್ಕುಗಳನ್ನು ಹುಡುಕಿ ತೆಗೆದು ಒರೆಸಿದ. ಹುಣಸೆಹಣ್ಣಿನ ನಾರು ಎಳೆದ ಗೀರುಗಳು ಎದ್ದು ಕಾಣುತ್ತಿದ್ದವು. ಆ ಡಬ್ಬಿಯ ಫೋಟೋಗಳಲ್ಲೊಂದಕ್ಕೂ ಕುಂಕುಮ ಮೆತ್ತಿಕೊಂಡಿತ್ತು, ಅದೂ ಮೂಲೆಯಲ್ಲಿ ನಿಂತ ಯಾರದೋ ಹಣೆಯ ಮೇಲೆ. “ಫೋಟೋನೂ ಬುಟ್ಟಿಲ್ವಲ್ಲ!” ಎಂದು ಹಲ್ಲು ಕಡಿಯುತ್ತ ಅದನ್ನು ಉಜ್ಜಿ ಅಳಿಸಿ ಡಬ್ಬಿಗೆ ತುರುಕಿದ.

ಅಷ್ಟರಲ್ಲಿ ಪಕ್ಕದ ಮನೆಯ ಆಟೋ ಕೆಂಪರಾಜು ಬಂದ. ಕರೆಯದೆ ಬರುವುದು, ಕೇಳದೆ ಸಲಹೆ ಕೊಡುವುದು ಅವನ ಜಾಯಮಾನ. ಸೀಲ್ ಹೋದ ಗೋಳು ಕೇಳಿ ನಕ್ಕುಬಿಟ್ಟ.

“ಏನ್ಲಾ ಬಾಲ, ಪ್ಲಾಸ್ಟಿಕ್ ಸುತ್ತೋ ಫ್ಯಾಕ್ಟ್ರೀಲೇ ಕೆಲ್ಸ ಮಾಡ್ಕಂಡು ಪ್ಲಾಸ್ಟಿಕ್ಕಿಗೆ ಅಳ್ತಾ ಕುಂತಿದೀಯಲ್ಲ! ಹತ್ಲಾ ಆಟೋನ.”

ಹೌದಲ್ಲ! ಬಾಲರಾಜು ಇದ್ದದ್ದೇ ಪ್ಯಾಕಿಂಗ್ ವಿಭಾಗದಲ್ಲಿ, ದಿನವಿಡೀ ಸೋಪಿನ ಡಬ್ಬಗಳಿಗೆ ಪ್ಲಾಸ್ಟಿಕ್ ಬಿಗಿಯುವ ಮಿಷಿನ್ನಿನ ಮುಂದೆ. ಎರಡೂ ಕಡೆ ಬಾಳೆಕಂದು ಕಟ್ಟಿದ ಆಟೋ ಹಾರೋಹಳ್ಳಿಗೆ ಹಾರಿತು. ದಾರಿಯಲ್ಲಿ ಒಂದು ಕಂದನ್ನು ದನ ಎಳೆದುಕೊಂಡಿತು. ಅದನ್ನು ಬಿಡಿಸಿಕೊಳ್ಳದೆ ಕೆಂಪರಾಜು ಮುಂದೆ ಹೋಗಲಿಲ್ಲ.

ಫ್ಯಾಕ್ಟರಿಯಲ್ಲಿ ಕಾವಲಿಗಿದ್ದ ಮುನಿಶಾಮಯ್ಯ ಮಿಷಿನ್ನಿಗೆ ಅಡ್ಡ ನಿಂತ.

“ಪೂಜೆ ಮಾಡಿರೋ ಮಿಷಿನ್ನ ಇವತ್ತು ಮುಟ್ಟಂಗಿಲ್ಲ.”

“ಒಂದೇ ಒಂದು ಡಬ್ಬಿ ಮುನಿಶಾಮಣ್ಣ.”

“ಒಂದಾದ್ರೇನು, ಸಾವಿರ ಆದ್ರೇನು? ನಾಳೆ ನಿನ್ ಬೆಳ್ಳು ಕತ್ರಿಸ್ಕಂಡ್ರೆ ನಾನಾ ಜವಾಬ್ದಾರಿ? ಪ್ಲಾಸ್ಟಿಕ್ ಬೇಕಾದ್ರೆ ತಗಂಡೋಗು, ಮಿಷಿನ್ ಮಾತ್ರ ಮಲಗೈತೆ.”

ಪ್ಲಾಸ್ಟಿಕ್ ಸುರುಳಿಯೊಂದಿಗೆ ಮನೆಗೆ ಬಂದದ್ದಾಯಿತು. ಕಾಯಿಸಿದರೆ ತಾನೇ ಅದು ಬಿಗಿಯುವುದು! ಇಸ್ತ್ರಿಪೆಟ್ಟಿಗೆಗೆ ಕೈ ಹಾಕಿದರೆ ಅದರ ಹಣೆಯಲ್ಲೂ ಕುಂಕುಮ. “ಮುಟ್ಬೇಡಿ ರೀ, ಅತ್ತೆ ನೋಡಿದ್ರೆ ಅಷ್ಟೇ,” ಎಂದು ಭಾನುಪ್ರಿಯ ಕಸಿದುಕೊಂಡಳು. ಆದರೆ ದಾರಿ ತೋರಿಸಿದವಳೂ ಅವಳೇ. “ನಮ್ ತಾತ ಚೊಂಬಿಗೆ ಕೆಂಡ ತುಂಬಿ ಪಂಚೆ ಇಸ್ತ್ರಿ ಮಾಡೋರು. ಚೊಂಬಿಗೆ ಯಾರೂ ಪೂಜೆ ಮಾಡಿಲ್ಲ.”

ಬಚ್ಚಲೊಲೆಯ ಕೆಂಡ, ಹಿತ್ತಾಳೆ ಚೊಂಬು. ಕೆಂಪರಾಜು ಡಬ್ಬಿ ಹಿಡಿದ, ಬಾಲರಾಜು ಉಸಿರು ಬಿಗಿಹಿಡಿದು ಚೊಂಬು ಆಡಿಸಿದ. ಒಂದು ಬೆರಳು ಸುಟ್ಟಿತು, ಕೆಂಪರಾಜುವಿನ ಹೊಸ ಅಂಗಿಗೆ ತೂತು ಬಿತ್ತು. ಆದರೆ ಸೀಲ್ ಅಂದರೆ ಸೀಲ್! ಒಂದು ಸುಕ್ಕಿಲ್ಲ.

ಸಂಜೆ ಮುಬಶ್ಶಿರ್ ಸಾಹೇಬರು ಬಂದರು. ಕಿಸೆಯಿಂದ ಭೂತಗನ್ನಡಿ ತೆಗೆದು ಡಬ್ಬಿಯ ಅಂಚಂಚನ್ನೂ ನೋಡಿದರು. ಮೂಗಿನ ಹತ್ತಿರ ಹಿಡಿದರು.

“ವಿಭೂತಿ ವಾಸ್ನೆ ಬರ್ತದಲ್ಲ ಭಾಯ್?”

“ಇವತ್ತು ಇಡೀ ಕನಕಪುರನೇ ಆ ವಾಸ್ನೆ ಸಾಬ್ರೆ,” ಅಂದ ಬಾಲರಾಜು. ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. ಸಾಹೇಬರು ನಕ್ಕು, ಅದಲು ಬದಲು ಮಾಡಿಕೊಂಡು, ಚಿಕ್ಕಲಕ್ಷ್ಮಮ್ಮ ಒಳಗಿನಿಂದ ಕಳಿಸಿದ ವಡೆ ತಿಂದು ಹೊರಟರು. ಸೀಲ್ ಒಡೆಯದವರಿಗೆ ಒಳಗಿನ ಡಿಸ್ಕು ಓಡಿದರೇನು, ಓಡದಿದ್ದರೇನು ಎಂದು ಬಾಲರಾಜು ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡ.

ಜೀವಮಾನದಲ್ಲಿ ಮೊದಲ ಸಲ ಅವನೇ ಕೈಯಾರೆ ಒಂದು ಡಬ್ಬಿಯ ಸೀಲ್ ಹರಿದ.

“ಅವ್ವ, ಬಾ. ಅಪ್ಪನ್ನ ತೋರಿಸ್ತೀನಿ.”

ಚಿಕ್ಕಲಕ್ಷ್ಮಮ್ಮನ ಮುನಿಸು ಕರಗಿಹೋಯಿತು. ಡಿವಿಡಿ ಪ್ಲೇಯರಿಗೂ ಪೂಜೆಯಾಗಿತ್ತು. ಆದರೂ ಅವಳೇ ಅದರ ಮೇಲಿನ ಹೂ ತೆಗೆದು ಕಣ್ಣಿಗೊತ್ತಿಕೊಂಡು, “ಅವರನ್ನ ನೋಡಕ್ಕಾದ್ರೆ ದೇವ್ರು ಏನೂ ಅಂದ್ಕಳಲ್ಲ” ಅಂದಳು. ಡಕಾಯಿತರು ಬಂದರು, ಕುದುರೆಗಳು ಬಂದವು, ಧೂಳೆದ್ದಿತು. ಚಿತ್ರವೆಲ್ಲ ಮುಗಿಯಿತು. ಅಪ್ಪ ಬರಲಿಲ್ಲ. ಫೋಟೋಗಳನ್ನು ತಿರುವಿದರು. ಅವುಗಳಲ್ಲೂ ಇಲ್ಲ.

“ಅಂಗಾರೆ ಇದ್ರಲ್ಲಿ ಇಲ್ಲ ಬುಡು. ಬೆಳಿಗ್ಗೆ ಸಿಕ್ಕಿದ್ರಲ್ಲ, ಅದೇ ಸಾಕು,” ಅಂದಳು ಚಿಕ್ಕಲಕ್ಷ್ಮಮ್ಮ.

“ಯಾರು ಸಿಕ್ಕಿದ್ರು?”

“ನಿಮ್ಮಪ್ಪ ಕಣಪ್ಪ! ಆ ರಾಣಿ ಡಬ್ಬಿ ಫೋಟೋದಾಗೆ, ಮೂಲೇಲಿ, ಕುದ್ರೆ ಹಿಡ್ಕಂಡು. ಅದಕ್ಕೇ ಅಲ್ವಾ ಹಣೆಗೆ ಕುಂಕುಮ ಇಟ್ಟಿದ್ದು? ಹೇಳಾಕೆ ಬಂದ್ರೆ ಸುಮ್ಕಿರು ಅಂದೆ. ತತ್ತಾ ಅದ್ನ, ಗೋಡೆಗೆ ಹಾಕನ.”

ವರ್ಷಗಟ್ಟಲೆ ಬಾಲರಾಜು ದಿನಾ ಸಂಜೆ ಅಪ್ಪನನ್ನೇ ಒರೆಸಿ ಒರೆಸಿ ಬೀರುವಿನಲ್ಲಿಟ್ಟಿದ್ದ. ಮೊಬೈಲು ತೆಗೆದು ಸಾಹೇಬರಿಗೆ ಫೋನು ಹಚ್ಚಿದ. ಮಾನ ಹೋದರೆ ಹೋಗಲಿ ಎಂದು ಹುಣಸೆಹಣ್ಣು, ಕುಂಕುಮ, ಕೆಂಡದ ಚೊಂಬು, ಒಂದೂ ಬಿಡದೆ ಒಪ್ಪಿಕೊಂಡ. ಸೀಲ್ ಒಡೆದು ಆ ಒಂದು ಫೋಟೋ ಕೊಡಿ ಎಂದು ಅಂಗಲಾಚಿದ.

ಆ ಕಡೆಯಿಂದ ದೊಡ್ಡ ನಗು ಕೇಳಿಸಿತು.

“ಚೊಂಬಲ್ಲಿ ಸೀಲಾ! ಕೊಟ್ಮೇಲೆ ಹೊಟ್ಟೆ ಉರೀತಾ ಇದೆ ಅಲ್ವಾ ಭಾಯ್? ನನ್ ಕೈಯಿಂದಾನೇ ಸೀಲ್ ಒಡೆಸೋ ಪ್ಲಾನಾ? ಕನ್ನಡಿ ಇಟ್ಟು ನೋಡಿದೀನಿ ನಾನು. ಇಷ್ಟು ಚೆನ್ನಾಗಿ ಕಂಪ್ನಿಯವರೂ ಸೀಲ್ ಹಾಕಲ್ಲ. ನಾಡಿದ್ದೇ ಬ್ಯಾಂಕ್ ಲಾಕರಲ್ಲಿ ಇಡ್ತೀನಿ. ನಾನು ಸತ್ರೂ ಒಡೀಬಾರ್ದು ಅಂತ ಮಕ್ಕಳಿಗೂ ಹೇಳಿದೀನಿ.” ಫೋನು ಇಟ್ಟುಬಿಟ್ಟರು.

ಚಿಕ್ಕಲಕ್ಷ್ಮಮ್ಮ ಮೊಳೆ, ಸುತ್ತಿಗೆ ಹಿಡಿದು ಗೋಡೆಯ ಹತ್ತಿರ ನಿಂತಿದ್ದಳು.

“ಏನಂತೆ ಮಗ?”

“ಅಪ್ಪ ಭದ್ರವಾಗವ್ರಂತೆ ಕಣವ್ವ,” ಅಂದ ಬಾಲರಾಜು.